ಹೆಸರಿನ ಮೇಲೆ ಬಿದ್ದ ಕತ್ತರಿ

ಮಗಳೇ ಚಂದನಾ, ಕಂದಾ ತೇಜಸ್,

ಹೋದ ಭಾನುವಾರ ನಿಮ್ಮ ಗೋಂದು ಮುಗಿದುಹೋಯಿತೆಂದು ನಾನು ಮೈದಾ ಅಂಟು ಕಾಯಿಸಿಕೊಟ್ಟೆನಲ್ಲ, ಆ ವಾಸನೆ ಇನ್ನೂ ನನ್ನ ಮೂಗು ಬಿಟ್ಟಿಲ್ಲ. ಬೇವಿನ ಎಲೆ ಕುದಿಸಿದ ನೀರಿನಲ್ಲಿ ಮೈದಾ ಕಲಸಿದರೆ ಜಿರಲೆ ಮುಟ್ಟುವುದಿಲ್ಲ. ಅದು ಬೇಯುವಾಗ ಗಂಜಿಯ ವಾಸನೆಯೊಳಗಿಂದ ಒಂದು ಕಹಿ ಏಳುತ್ತದೆ. ಎಷ್ಟೋ ವರ್ಷಗಳ ಮೇಲೆ ಅದು ಅಡುಗೆಮನೆಯಲ್ಲಿ ತುಂಬಿಕೊಂಡಾಗ ನನಗೆ ಸೌಟು ತಿರುಗಿಸುವುದೇ ಮರೆತುಹೋಯಿತು. ತಳ ಹತ್ತಿದ್ದು ಅದಕ್ಕೇ.

ಚಂದನಾ, ನೀನು ಗೆಳತಿಯರ ಫೋಟೋ ಅಂಟಿಸುವ ಆಲ್ಬಮ್ಮಿಗೆಂದು ತಂದ ಸಾಮಾನೆಲ್ಲ ಚಾಪೆಯ ಮೇಲೆ ಹರಡಿತ್ತು. ಹೂವಿನ ಚಿತ್ರದ ದಪ್ಪ ಹಾಳೆಗಳು, ಬಣ್ಣಬಣ್ಣದ ಟೇಪು, ಅಲೆಯಂತೆ ಅಂಚು ಕತ್ತರಿಸುವ ಕತ್ತರಿ, ಒತ್ತಿದರೆ ಹೂವು ಉದುರಿಸುವ ಪಂಚು. ಆಲ್ಬಮ್ಮು ಮುಗಿದರೂ ಅರ್ಧ ಸಾಮಾನು ಉಳಿದಿತ್ತು. ಉಳಿದದ್ದರಲ್ಲಿ ನೀನು ಪುಟ್ಟ ಡಬ್ಬಿ ಮಾಡಿದೆ, ಟೇಪಿನಿಂದ ನೋಟುಬುಕ್ಕಿಗೆ ಬೆನ್ನು ಕಟ್ಟಿದೆ, ಚೀಟಿಗಳಿಗೆ ದಾರ ಪೋಣಿಸಿ ಪುಸ್ತಕದಲ್ಲಿಡುವ ಗುರುತು ಮಾಡಿದೆ. ತೇಜಸ್ ದೀಪದ ಗೂಡು ಬೇಕೆಂದು ಹಟ ಹಿಡಿದಿದ್ದ. ನೀನು ದಪ್ಪ ಹಾಳೆಯನ್ನು ಮಡಿಸುವಾಗ ನನ್ನ ಬಾಯಿ ತಡೆಯಲಿಲ್ಲ. ತಿರುಗಿಸಿ ಮಡಿಸು, ಈ ಕಡೆಗೆ ಮಡಿಸಿದರೆ ಬೆನ್ನು ಸಿಡಿಯುತ್ತದೆ ಎಂದೆ. ತಿರುಗಿಸಿದೆ, ಸಿಡಿಯಲಿಲ್ಲ. ನೀನು ಕಣ್ಣರಳಿಸಿ, "ಅಜ್ಜೀ, ಇದೆಲ್ಲ ನಿಂಗ್ಯಾರು ಹೇಳ್ಕೊಟ್ರು?" ಎಂದು ಕೇಳಿದೆ.

"ಯಾರೂ ಇಲ್ಲ ಬುಡು, ಅಂಗೇ ಗೊತ್ತು," ಎಂದೆ.

ಅದು ಸುಳ್ಳು. ಹೇಳಿಕೊಟ್ಟವರೊಬ್ಬರಿದ್ದರು. ಅವರ ಹೆಸರು ಹೇಳಬೇಕಾದಲ್ಲೆಲ್ಲ ಬಾಯಿ ಮುಚ್ಚಿಕೊಂಡೇ ಬಂದವಳು ನಾನು. ಬಾಯಲ್ಲಿ ಹೇಳುವುದು ನನ್ನಿಂದ ಆಗದು, ನಾಲಿಗೆ ಹಿಂದೆ ಸರಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿಯೂ ಹೆಸರು ಬರೆಯುವುದಿಲ್ಲ. ಊರೆಲ್ಲ ಕರೆಯುತ್ತಿದ್ದಂತೆ ಕಾಗದದಕ್ಕ ಎಂದೇ ಕರೆಯುತ್ತೇನೆ.

ಆಗ ನಿಮ್ಮ ಅಮ್ಮ ನಾಲ್ಕನೇ ಕ್ಲಾಸು. ನಾವಿದ್ದದ್ದು ಕಂಪಲಾಪುರದ ಹತ್ತಿರದ ಹಳ್ಳಿಯಲ್ಲಿ, ನಿಮ್ಮ ತಾತನ ಊರಿನಲ್ಲಿ. ಹೊಗೆಸೊಪ್ಪಿನ ಕಾಲದಲ್ಲಿ ಎಲೆಯನ್ನು ಕಡ್ಡಿಗೆ ಕಟ್ಟಲು ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಗಿರಿಜನರ ಹಾಡಿಗಳಿಂದ ಆಳುಗಳು ಬರುತ್ತಿದ್ದರು. ಹಾಗೆ ಬಂದ ಕಾಗದದಕ್ಕ ಕೆಲಸ ಮುಗಿದ ಮೇಲೂ ನಮ್ಮ ಬ್ಯಾರನ್ನಿನ, ಅಂದರೆ ಸೊಪ್ಪು ಬೇಯಿಸುವ ಎತ್ತರದ ಮನೆಯ, ಪಕ್ಕದ ಜೋಪಡಿಯಲ್ಲಿ ಉಳಿದುಕೊಂಡರು. ಗಂಡನಿರಲಿಲ್ಲ, ಮಕ್ಕಳಿರಲಿಲ್ಲ. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಬೆರಳುಗಳು ಸೊಪ್ಪಿನ ಅಂಟಿನಿಂದ ಕಪ್ಪಾಗಿದ್ದವು. ಆ ಬೆರಳು ಮುಟ್ಟಿದ ಕಾಗದ ಮಾತ್ರ ಹೇಗೆ ಬೆಳ್ಳಗೇ ಉಳಿಯುತ್ತಿತ್ತೋ ನನಗೆ ಇವತ್ತಿಗೂ ತಿಳಿಯದು.

ಅವರ ಸಾಮಾನೆಂದರೆ ಹಳೆಯ ಮದುವೆ ಕಾರ್ಡುಗಳು. ಮೇಲೆ ದೇವರ ಚಿತ್ರವಿರುವುದರಿಂದ ಅವನ್ನು ಕಸಕ್ಕೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ, ಇಟ್ಟುಕೊಳ್ಳಲು ಜಾಗವಿರುವುದಿಲ್ಲ. ಪ್ರತಿ ಮನೆಯಿಂದಲೂ ಕಟ್ಟು ಕಟ್ಟಿ ಅವರಿಗೆ ಕೊಡುತ್ತಿದ್ದೆವು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ನಾಲ್ಕೈದು ಹೆಂಗಸರು ಬ್ಯಾರನ್ನಿನ ನೆರಳಿನಲ್ಲಿ ಅವರ ಸುತ್ತ ಕೂರುತ್ತಿದ್ದೆವು. ಅಲೆಯ ಕತ್ತರಿ ಅವರ ಬಳಿ ಇರಲಿಲ್ಲ. ಕಾಗದವನ್ನು ಮೂರು ಮಡಿಕೆ ಮಡಿಸಿ ಅಂಚಿನಲ್ಲಿ ಸಣ್ಣಗೆ ಕಚ್ಚು ಹಾಕಿ ಬಿಚ್ಚಿದರೆ ಜಾಲರಿಯೇ ಬಂದಿರುತ್ತಿತ್ತು. ಸುತ್ತು ಬರೆಯಲು ಬಳೆ, ತೂತಿಗೆ ಮುರಿದ ಕೊಡೆಯ ಕಡ್ಡಿ, ಪೋಣಿಸಲು ಸೊಪ್ಪು ಕಟ್ಟಿ ಉಳಿದ ದಾರ, ಮಿಂಚಲು ಊದುಕಡ್ಡಿ ಪೊಟ್ಟಣದ ಒಳಹಾಳೆ. ಎರಡು ಕಾರ್ಡಿನಲ್ಲಿ ಅಂಟೇ ಇಲ್ಲದ ಡಬ್ಬಿ, ಹತ್ತರಲ್ಲಿ ಬಾಗಿಲಿಗೊಂದು ತೋರಣ, ಲಕೋಟೆಗಳಲ್ಲಿ ಬೀಸಣಿಗೆ. ಎಲ್ಲಕ್ಕಿಂತ ಚಂದವಾಗಿ ಬರುತ್ತಿದ್ದದ್ದು ಗಿಳಿ. ಒಂದು ಕಾರ್ಡಿನಲ್ಲಿ ಮೈ, ಇನ್ನೊಂದರಲ್ಲಿ ರೆಕ್ಕೆ, ಕೆಂಪು ಚೂರಿನಲ್ಲಿ ಕೊಕ್ಕು.

"ಕಾಗ್ದಕ್ಕೂ ಎಲೆ ಅಂಗೇ ನರ ಅದೆ ಕಣವ್ವ. ನರದ ಜೊತೆ ಮಡ್ಸು, ಯೋಳ್ದಂಗೆ ಕೇಳ್ತದೆ. ಅಡ್ಡ ಮಡ್ಸುದ್ರೆ ಅತ್ತೆ ಅಂಗೆ ಸಿಡೀತದೆ," ಎನ್ನುತ್ತಿದ್ದರು. ನಮ್ಮ ಅತ್ತೆ ಜಗಲಿಯಲ್ಲಿ ಕೂತಿರುತ್ತಿದ್ದರು. ನಾವು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆವು.

ಕಾಗದದಕ್ಕನಿಗೆ ಓದು ಬರುತ್ತಿರಲಿಲ್ಲ. ಆದರೆ ಅವರಿಗೆ ಎರಡು ಕಟ್ಟುಪಾಡುಗಳಿದ್ದವು, ಅವನ್ನು ಎಂದೂ ಮೀರಿದವರಲ್ಲ. ಕಾರ್ಡು ಕೈಗೆತ್ತಿಕೊಂಡರೆ ಮೊದಲು ದೇವರನ್ನು ಇಡಿಯಾಗಿ ಕತ್ತರಿಸಿ ತೆಗೆದು ಬೇರೆ ಡಬ್ಬಕ್ಕೆ ಹಾಕಬೇಕು. ಎರಡನೆಯದು, ಯಾರ ಹೆಸರಿನ ಮೇಲೂ ಕತ್ತರಿ ಬೀಳಬಾರದು, ಗಂಡು ಹೆಣ್ಣಿನ ಹೆಸರುಗಳ ನಡುವೆಯಂತೂ ಹಾಯಲೇಬಾರದು. ಹೆಸರೆಲ್ಲಿದೆ ಎಂದು ಅವರಿಗೆ ಹೇಗೆ ತಿಳಿಯಬೇಕು? ಅದಕ್ಕೆ ನಾನಿದ್ದೆ. ಗಾವಡಗೆರೆಯ ಕಡೆಯ ನನ್ನ ತವರಿನಲ್ಲಿ ನಾನು ಏಳನೆಯವರೆಗೆ ಓದಿದ್ದೆ. ಒಂದೊಂದೇ ಕಾರ್ಡು ಓದಿ, ಹೆಸರುಗಳ ಸುತ್ತ ಪೆನ್ಸಿಲಿನಿಂದ ಬಳೆ ಬರೆದುಕೊಡುತ್ತಿದ್ದೆ. ಆ ಬಳೆಯ ಹೊರಗೆ ಮಾತ್ರ ಅವರ ಕತ್ತರಿ ಓಡುತ್ತಿತ್ತು. ನಾಲ್ಕು ಜನರ ಮುಂದೆ ತಲೆ ಎತ್ತದ ನನಗೆ ಅಲ್ಲೊಂದು ಬೆಲೆ ಇತ್ತು. "ನನ್ ಕಣ್ಣು ಇವ್ಳು," ಎನ್ನುತ್ತಿದ್ದರು.

ಅದೇ ವರ್ಷ ನನ್ನ ಅಪ್ಪ ತೀರಿಕೊಂಡರು. ನನ್ನನ್ನು ಶಾಲೆಗೆ ಕಳಿಸಿದವರು ಅವರೇ. ಹನ್ನೊಂದನೆಯ ದಿನದ ತಿಥಿಗೆ ಅಣ್ಣ ಹುಣಸೂರಿನಲ್ಲಿ ಕಾರ್ಡು ಅಚ್ಚು ಹಾಕಿಸಿದ. ಅಪ್ಪ ಬದುಕಿದ್ದಾಗ ಒಂದು ಒಳ್ಳೆಯ ಅಂಗಿ ತೊಡಲಿಲ್ಲ, ಕಾಗದವಾದರೂ ಚೆನ್ನಾಗಿರಲಿ ಎಂದು ದಪ್ಪ ಕೆನೆಬಣ್ಣದ ಹಾಳೆ ಆರಿಸಿದ್ದ. ಬೆಳ್ಳಿಯ ಅಂಚು, ಮೇಲೊಂದು ಕಮಲ. ಬೇರೆಯವರ ತಿಥಿ ಕಾರ್ಡಿನಂತೆ ಕಪ್ಪು ಅಕ್ಷರವೂ ಇರಲಿಲ್ಲ, ನೀಲಿಯಲ್ಲಿ ಅಚ್ಚಾಗಿತ್ತು. ಓದಲು ಬಾರದವರು ನೋಡಿದರೆ ಮದುವೆಯದೇ ಎನ್ನಬೇಕು.

ನಿಮಗೆ ಗೊತ್ತಿರಲಿಕ್ಕಿಲ್ಲ, ತಿಥಿ ಕಾರ್ಡನ್ನು ನಮ್ಮಲ್ಲಿ ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಹೊಸ್ತಿಲಾಚೆ ನಿಂತು ಓದಿ, ಅಲ್ಲೇ ಹರಿದು ಹಾಕಬೇಕು. ಅತ್ತೆ ಹರಿ ಎಂದರು. ಹೂಂ ಎಂದು ಹಿತ್ತಲಿಗೆ ಹೋದೆ. ಅಪ್ಪನ ಹೆಸರು ಅಷ್ಟು ಚಂದವಾಗಿ ಅಚ್ಚಾದದ್ದನ್ನು ನಾನು ಅದೇ ಮೊದಲು ನೋಡಿದ್ದು... ಹರಿಯಲಾಗಲಿಲ್ಲ. ಒಂದು ಮದುವೆ ಕಾರ್ಡಿನ ಲಕೋಟೆಯೊಳಗೆ ತೂರಿಸಿ, ಮನೆಯಲ್ಲಿದ್ದ ಮದುವೆ ಕಾರ್ಡುಗಳ ಕಟ್ಟಿನ ನಡುವೆ ಬಚ್ಚಿಟ್ಟೆ.

ಎರಡು ತಿಂಗಳ ಮೇಲೆ ಕಾಗದದಕ್ಕ ಬಾಗಿಲಿಗೆ ಬಂದು ಕಾರ್ಡು ಕೇಳಿದರು. ಊರಿನ ದೊಡ್ಡಮನೆಯಲ್ಲಿ ಮೊಮ್ಮಗ ಹುಟ್ಟಿದ್ದ, ನಾಮಕರಣಕ್ಕೆ ತೊಟ್ಟಿಲ ಮೇಲೆ ತೂಗುಬಿಡಲು ಗಿಳಿಗಳು ಬೇಕಿದ್ದವು. ಒಲೆಯ ಮೇಲೆ ಹಾಲಿತ್ತು. ನಾನು ಅವಸರದಲ್ಲಿ ಕಟ್ಟನ್ನು ಹಾಗೇ ತಂದು ಕೈಗಿತ್ತೆ. ಗುರುತು ಹಾಕಿದೆಯಾ ಎಂದು ಅವರು ಕೇಳಿದ ನೆನಪು. ಮರುಕ್ಷಣ ಅವರೇ, "ನಿಮ್ಮನೆ ಕಟ್ಟಲ್ವ, ನೀನೇ ನೋಡಿರ್ತೀಯ ಬುಡು," ಎಂದು ನಗುತ್ತಾ ಹೋದರು. ಪೆನ್ಸಿಲಿನ ಬಳೆ ಇಲ್ಲದಿದ್ದರೆ ಅಲ್ಲಿ ಹೆಸರಿಲ್ಲವೆಂದೇ ಅವರ ಲೆಕ್ಕ.

ಮಾರನೆಯ ದಿನ ನೆಲ ಸಾರಿಸುವಾಗ ಅಪ್ಪನ ಕಾರ್ಡು ನೆನಪಾಯಿತು. ಸಾರಿಸುವುದನ್ನು ಬಿಟ್ಟು ಬಾಗಿಲಿಗೆ ಬಂದೆ. ಜೋಪಡಿ ಇದ್ದದ್ದು ಐವತ್ತು ಹೆಜ್ಜೆಯಲ್ಲಿ. ಹೋಗಿ ಕೇಳಿದ್ದರೆ ಅವರು ತೆಗೆದುಕೊಡುತ್ತಿದ್ದರು. ಆದರೆ ಅಲ್ಲಿ ಆಗಲೇ ಮೂರ್ನಾಲ್ಕು ಹೆಂಗಸರು ಕೂತಿದ್ದರು. ತಿಥಿ ಕಾರ್ಡು ಮನೆಯಲ್ಲಿಟ್ಟುಕೊಂಡಿದ್ದೆ ಎಂದು ಅವರ ಮುಂದೆ ಹೇಗೆ ಹೇಳಲಿ? ಅತ್ತೆಯ ಕಿವಿಗೆ ಬಿದ್ದರೆ? ಸಂಜೆ ಹೋಗೋಣ ಎಂದುಕೊಂಡೆ. ಸಂಜೆ, ನಾಳೆ ಎಂದುಕೊಂಡೆ. ಅವರು ಅದನ್ನು ತೆರೆದಿರಲಾರರು, ಬೇರೆ ಕಾರ್ಡುಗಳೇ ಸಾಕಾಗಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ನಾಮಕರಣದ ದಿನ ಬಂದೇ ಬಂತು.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ನಮ್ಮೂರ ಅಂಗನವಾಡಿಯ ಆಯಾ ಕೆಲಸ ಆಗ ಖಾಲಿಯಾಗಿತ್ತು. ಕಾಗದದಕ್ಕ ಕಾರ್ಡಿನಲ್ಲಿ ಮಾಡಿಕೊಟ್ಟ ಹಸು, ಮಾವು, ಬಸ್ಸುಗಳನ್ನು ಮಕ್ಕಳು ಬಿಡುತ್ತಲೇ ಇರಲಿಲ್ಲ. ಅದನ್ನು ನೋಡಿ ಅಲ್ಲಿನ ಟೀಚರು, ನೀವೇ ಬನ್ನಿ ಎಂದಿದ್ದರು. ಊರ ಹೆಂಗಸರು ಒಪ್ಪಿ ಸಹಿ ಹಾಕಿದರೆ ಸಾಕಿತ್ತು. ಸೊಪ್ಪಿನ ಘಾಟಿಗೆ ಅವರ ಎದೆ ಕೆಟ್ಟಿತ್ತು. ಇನ್ನೊಂದು ವರ್ಷ ಎಲೆ ಕಟ್ಟಲಾರೆ ಎನ್ನುತ್ತಿದ್ದರು. ಆ ಕೆಲಸ ಸಿಕ್ಕಿದ್ದರೆ ನೆರಳಿನಲ್ಲಿ ಕೂತು ಬದುಕಬಹುದಿತ್ತು.

ದೊಡ್ಡಮನೆಯ ತೊಟ್ಟಿಲ ಮೇಲೆ ಒಂಬತ್ತು ಗಿಳಿಗಳು ತಿರುಗುತ್ತಿದ್ದವು. ನೋಡಿದವರೆಲ್ಲ ಹೊಗಳಿದರು. ಕಾಗದದಕ್ಕ ಬಾಗಿಲ ಹೊರಗೇ ನಿಂತಿದ್ದರು, ಮುಖ ತುಂಬ ನಗು. ಮಗುವಿನ ಸೋದರತ್ತೆ ಮೈಸೂರಿನಿಂದ ಬಂದಿದ್ದಳು, ಕಿವಿಯಲ್ಲಿ ಹೆಸರು ಹೇಳಬೇಕಾದವಳು ಅವಳೇ. ತೊಟ್ಟಿಲ ಪಕ್ಕ ಮಂಡಿಯೂರಿ, ಮಗುವಿನತ್ತ ಬಾಗುವ ಮೊದಲು ಒಮ್ಮೆ ಗಿಳಿಗಳತ್ತ ಕತ್ತೆತ್ತಿದಳು. ಅಷ್ಟರಲ್ಲಿ ಒಂದು ಗಿಳಿ ತಿರುಗಿ ರೆಕ್ಕೆಯ ಒಳಮೈ ತೋರಿಸಿತು. ಅಕ್ಷರ ಕಂಡರೆ ಓದುವ ಅಭ್ಯಾಸ ಅವಳಿಗೆ. "ಆತ್ಮಕ್ಕೆ ಶಾಂತಿ ಕೋರಬೇಕಾಗಿ..." ಎಂದು ಗಟ್ಟಿಯಾಗಿ ಓದಿಬಿಟ್ಟಳು. ಮಗುವಿನ ಹೆಸರು ಅವಳ ಬಾಯಲ್ಲೇ ಉಳಿಯಿತು.

ನಾನು ಕಂಬದ ಮರೆಯಲ್ಲಿದ್ದೆ. ಕೆನೆಬಣ್ಣದ ರೆಕ್ಕೆ, ಬೆಳ್ಳಿಯ ಅಂಚು. ರೆಕ್ಕೆಯ ತುದಿಯಲ್ಲಿ ಅಪ್ಪನ ಹೆಸರಿನ ಕೊನೆಯ ಎರಡಕ್ಷರ ಮಾತ್ರ ಉಳಿದಿತ್ತು.

ಬಾಣಂತಿ ಮಗುವನ್ನು ಎತ್ತಿಕೊಂಡು ಒಳಗೆ ಓಡಿದಳು. ಯಾರೋ ಗಿಳಿಗಳನ್ನೆಲ್ಲ ಕಿತ್ತು ಅಂಗಳಕ್ಕೆ ಎಸೆದರು. "ಗಿಳಿ ಕೈಲಿ ಯಮನ ಟಪಾಲು ಕಳ್ಸವ್ಳೆ ನೋಡ್ರೇ," ಎಂದು ಒಬ್ಬಳೆಂದಳು. ಅಂಥ ಹೊತ್ತಿನಲ್ಲೂ ನಾಲ್ಕು ಜನ ನಕ್ಕರು. "ಅಕ್ಸರ ಕಾಣ್ದೋಳ ಕೈಗೆ ಕಾಗ್ದ ಕೊಟ್ರೆ ಇನ್ನೇನಾದದು?" ಎಂದಳು ಇನ್ನೊಬ್ಬಳು. ದೊಡ್ಡಮನೆಯ ಹಿರಿಯಾಕೆ ಹೊಸ್ತಿಲಿಗೆ ಬಂದು ಕಾಗದದಕ್ಕನನ್ನು ಕೇಳಿದರು, "ಯಾರ್ ಮನೆ ಕಟ್ಟು ಇದು? ಯೋಳು."

ಕಾಗದದಕ್ಕನಿಗೆ ಗೊತ್ತಿತ್ತು. ಪ್ರತಿ ಮನೆಯ ಕಟ್ಟನ್ನೂ ಬೇರೆ ಬೇರೆ ದಾರದಲ್ಲಿ ಕಟ್ಟಿಡುತ್ತಿದ್ದರು, ಬೆರಳಿಟ್ಟು ನೋಡಿಯೇ ಕಾಗದ ಯಾವ ಮನೆಯದೆನ್ನುತ್ತಿದ್ದರು. ಅವರು ನನ್ನ ಕಡೆ ನೋಡಲಿಲ್ಲ. ನೆಲ ನೋಡಿದರು.

"ರಾಶಿನಾಗೆ ಬಂತು ಕಣವ್ವ. ಯಾರ್ದು ಅಂತ ಗ್ಯಾಪ್ಕ ಇಲ್ಲ."

ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಅದು ನನ್ನ ಅಪ್ಪನದು, ಓದಿ ಕೊಡಬೇಕಾದವಳು ನಾನು, ಓದದೆ ಕೊಟ್ಟೆ. ಅಷ್ಟೇ. ನಾನು ಕಂಬವನ್ನು ಇನ್ನಷ್ಟು ಒತ್ತಿಕೊಂಡು ನಿಂತೆ.

ಮಗುವಿಗೆ ಏನೂ ಆಗಲಿಲ್ಲ. ಆ ಮಗು ಇವತ್ತು ಎರಡು ಮಕ್ಕಳ ತಂದೆ, ಹೊಟ್ಟೆ ಬಂದಿದೆ. ಆಗಿದ್ದೆಲ್ಲ ಕಾಗದದಕ್ಕನಿಗೆ. ಬ್ಯಾರನ್ನಿನ ನೆರಳಿಗೆ ಹೆಂಗಸರು ಬರುವುದು ನಿಂತಿತು. ನಾನೂ ಹೋಗಲಿಲ್ಲ. ಒಂದು ವಾರವಾಗುತ್ತಲೇ ಆರೇಳು ಜನ ನಮ್ಮ ಜಗಲಿಯಲ್ಲಿ ಸೇರಿದರು. ಅಂಥ ಕೈಯಿಂದ ನಮ್ಮ ಮಕ್ಕಳು ಅನ್ನ ಹಾಕಿಸಿಕೊಳ್ಳಬೇಕೆ, ಆ ಕೆಲಸ ಅವಳಿಗೆ ಬೇಡವೆಂದು ಅರ್ಜಿ ಹಾಕೋಣ ಎಂದರು. ಬರೆಯುವವರು ಯಾರು? ಎಲ್ಲರೂ ನನ್ನ ಕಡೆ ತಿರುಗಿದರು.

"ನಿನ್ನಕ್ಸರ ಮುತ್ನಂಗವೆ ಕಣೆ. ನೀನೇ ಬರಿ."

ಬರೆದೆ, ಮಕ್ಕಳೇ. ನಾನೇ ಬರೆದೆ. ನಿಮ್ಮ ಅಮ್ಮನ ಶಾಲೆಯ ಪುಸ್ತಕದಿಂದ ನಡುವಿನ ಹಾಳೆ ಬಿಡಿಸಿ, ಗೆರೆ ತಪ್ಪದಂತೆ ಬರೆದೆ. ಆ ಹೆಂಗಸರು ಹೇಳಿದ್ದು ಅಪಶಕುನದ ಕೈ ಎಂದು. ಅದು ಚೆನ್ನಾಗಿ ಕಾಣುವುದಿಲ್ಲ ಎಂದು ನಾನೇ ಯೋಚಿಸಿ, 'ಮಕ್ಕಳ ಹಿತದೃಷ್ಟಿಯಿಂದ' ಎಂದು ಹಾಕಿದೆ. ಆ ಮಾತು ನನ್ನದು. ಎಲ್ಲರೂ ಮೆಚ್ಚಿದರು. ಕೊನೆಯಲ್ಲಿ ನನ್ನ ಸಹಿಯೂ ಇತ್ತು.

ಕೆಲಸ ಬೇರೆಯವರಿಗಾಯಿತು. ಕಾಗದದಕ್ಕ ಕೆಮ್ಮುತ್ತಲೇ ಆ ವರ್ಷವೂ ಎಲೆ ಕಟ್ಟಿದರು. ಸೊಪ್ಪು ಮುಗಿದ ಮೇಲೆ ಒಂದು ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ನಿಂತು, "ಅವ್ವಾ, ನಾನು ಊರ್ಗ್ ಹೊಂಟೆ," ಎಂದು ಎರಡು ಸಲ ಕೂಗಿದರು. ನಾನು ಒಳಗೇ ಇದ್ದೆ. ರಾಗಿ ತುಂಬಿಡುವ ದೊಡ್ಡ ವಾಡೆಯ ಹಿಂದೆ ನಿಂತು, ಅವರ ಹೆಜ್ಜೆ ದೂರವಾಗುವವರೆಗೆ ಹೊರಗೆ ಬರಲಿಲ್ಲ...

ನಿಮ್ಮ ತಾತ ಹೋದ ಮೇಲೆ ನಾನು ನಿಮ್ಮ ಅಮ್ಮನ ಜೊತೆ ಹುಣಸೂರಿಗೆ ಬಂದೆ. ಒಂದು ದಿನ ಯಾರಿಗೂ ಹೇಳದೆ ಎಚ್.ಡಿ. ಕೋಟೆಯ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ನಡಿಗೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಕಾಗದದಕ್ಕ ಹಾಡಿಯಲ್ಲಿ ತಂಗಿಯ ಮನೆಯ ಮುಂದೆ ಬಿಸಿಲಿನಲ್ಲಿ ಕೂತಿದ್ದರು. ಕಣ್ಣು ಮಂಜಾಗಿತ್ತು, ಮೈ ಕಡ್ಡಿಯಾಗಿತ್ತು. ನಾನು ಕೆಮ್ಮಿದ್ದಕ್ಕೇ ಗುರುತು ಹಿಡಿದು, "ಬಾ ನನ್ನವ್ವ, ಕೂತ್ಕೊ," ಎಂದರು. ನಿಮ್ಮ ಅಮ್ಮನ ಬಗ್ಗೆ ಕೇಳಿದರು, ನಿಮ್ಮಿಬ್ಬರ ಬಗ್ಗೆಯೂ ಕೇಳಿದರು. ನಾನು ಮಳೆಯ ಮಾತಾಡಿದೆ. ನನ್ನ ಮಂಡಿನೋವಿನ ಮಾತಾಡಿದೆ. ತಂದ ಸೀರೆ ಕೊಟ್ಟೆ. ಬಾಯಿಪಾಠ ಮಾಡಿದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ಆಡಿದೆ.

ಏಳುವ ಹೊತ್ತಿಗೆ ಅವರೇ ನನ್ನ ಕೈ ಹಿಡಿದುಕೊಂಡರು.

"ಆಮ್ಯಾಕೆ ಮಿಕ್ಕಿದ್ ಚೂರ ಅಂಗನವಾಡಿ ಟೀಚರ್ ತಾವ ಓದಿಸ್ದೆ ಕಣವ್ವ. ನಿಮ್ಮಪ್ಪಾರ್ದಂತೆ. ನಂಗೆ ಗೊತ್ತಾಗ್ಲಿಲ್ಲ, ಹೆಸ್ರ ಮ್ಯಾಲೇ ಕತ್ರಿ ಹಾಕ್ಬುಟ್ಟೆ. ತಪ್ಪಾಯ್ತು. ಊರು ಬುಟ್ಟ ದಿನ ಇದ್ನೇ ಯೋಳವ ಅಂತ ನಿನ್ ಬಾಕ್ಲಿಗ್ ಬಂದಿದ್ದೆ."

ಅವರು ನನ್ನ ಹತ್ತಿರ ತಪ್ಪಾಯಿತು ಎಂದರು. ಅವರು, ನನ್ನ ಹತ್ತಿರ.

ನಾನು ಏನೆಂದೆ ಗೊತ್ತೇ? "ಬಸ್ಸಿಗೆ ಹೊತ್ತಾಯ್ತು," ಎಂದೆ. ಕೈ ಬಿಡಿಸಿಕೊಂಡೆ. ದಾರಿಯಲ್ಲಿ ಒಮ್ಮೆ ನಿಂತೆ, ಹಿಂದಕ್ಕೆ ಹೋಗೋಣವೆಂದು. ಹೋಗಲಿಲ್ಲ.

ಮುಂದಿನ ಸಲ ಹೇಳೋಣ ಎಂದುಕೊಂಡೇ ಎರಡು ಮಳೆಗಾಲ ಕಳೆಯಿತು. ಇತ್ತೀಚೆಗೆ ಹುಣಸೂರಿನ ಸಂತೆಯಲ್ಲಿ ಅವರ ಹಾಡಿಯ ಹೆಂಗಸೊಬ್ಬಳು ಸಿಕ್ಕಿ, ಕಾಗದದಕ್ಕ ತೀರಿಹೋಗಿ ಆಗಲೇ ವರ್ಷವಾಯಿತು ಎಂದಳು. ನಾನು ದಂಟಿನ ಸೊಪ್ಪು ಕೊಳ್ಳುತ್ತಿದ್ದೆ. ಚೀಲ ಹಿಡಿದು ಅಲ್ಲೇ ಕೂತುಬಿಟ್ಟೆ. ನನಗೆ ಯಾರು ತಿಳಿಸಬೇಕಿತ್ತು? ನಾನು ಅವರಿಗೆ ಏನಾಗಿದ್ದೆ? ಕ್ಷಮಿಸಿ ಎನ್ನಬಹುದಾದ ಒಂದೇ ಜೀವ ಇತ್ತು, ಅದೂ ಈಗಿಲ್ಲ.

ಹೋದ ಯುಗಾದಿಗೆ ಊರಿನವರು ನಮ್ಮ ಮನೆಗೆ ಬಂದಿದ್ದಾಗ ಗಿಳಿಯ ಕಥೆ ತೆಗೆದರು, ನೆನಪಿದೆಯೇ? ತೊಟ್ಟಿಲಿಗೆ ತಿಥಿ ಕಾರ್ಡು ಕಟ್ಟಿದ ದಡ್ಡಿ ಎಂದು ಹೇಳಿ ಹೇಳಿ ನಕ್ಕರು. ನೀವಿಬ್ಬರೂ ನಕ್ಕಿರಿ, ಅದು ನಿಮ್ಮ ತಪ್ಪಲ್ಲ. ಅವರಿಗೆ ಒಬ್ಬಟ್ಟು ಬಡಿಸುತ್ತಾ ನಾನೂ ನಕ್ಕೆ.

ಆ ಅರ್ಜಿ ಯಾವ ಕಚೇರಿಯ ಯಾವ ಕಡತದಲ್ಲಿ ಕೊಳೆಯುತ್ತಿದೆಯೋ ತಿಳಿಯದು. ಅದರ ಎದುರಿಗೆ ನನ್ನ ಕೈಯಲ್ಲೇ ಬರೆದ ಇದೊಂದಾದರೂ ಇರಲಿ. ಈ ಹಾಳೆಗಳನ್ನು ನೀರು ತಾಗದ ಕಡೆ ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ಊರಿನವರು ಬಂದು ಆ ಕಥೆ ತೆಗೆದರೆ ಹೊರಗೆ ತಂದು ಎಲ್ಲರಿಗೂ ಕೇಳುವಂತೆ ಓದಿ. ನಾನು ಹೋಗುವವರೆಗೂ ಕಾಯಬೇಡಿ, ನಾನಿದ್ದರೂ ಓದಿ. ಎದ್ದು ಒಳಗೆ ಹೋಗುವುದಿಲ್ಲ.